ಹನ್ನೆರಡು ನಿಮಿಷ, ಒಂಬತ್ತು ಸೆಕೆಂಡು

ಬಾಹ್ಯಾಕಾಶದಲ್ಲಿ ನೌಕೆಯಿಂದ ಹೊರಬಂದು ಕೆಲಸ ಮಾಡುವುದು ಈಗ ದೊಡ್ಡ ಸುದ್ದಿಯಾಗಿ ಉಳಿದಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಒಂದರಲ್ಲೇ ಇಂತಹ ‘ನಡಿಗೆ’ ಇನ್ನೂರೈವತ್ತಕ್ಕೂ ಹೆಚ್ಚು ಸಲ ನಡೆದಿದೆ. ಆರೇಳು ಗಂಟೆ ಹೊರಗಿದ್ದು ಬ್ಯಾಟರಿ ಬದಲಿಸಿ, ಕೇಬಲ್ ಜೋಡಿಸಿ, ಕೆಟ್ಟ ಪಂಪು ಕಳಚಿ ಒಳಗೆ ಬರುವವರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದೂ ಇಲ್ಲ. ಲೈನ್‌ಮನ್ ಕಂಬ ಹತ್ತಿದಷ್ಟೇ ವಾಡಿಕೆಯ ಕೆಲಸವಾಗಿಬಿಟ್ಟಿದೆ ಅದು.

ಹಾಗೆ ವಾಡಿಕೆಯಾಗುವ ಮೊದಲು ಯಾರೋ ಒಬ್ಬ ಮೊದಲು ಹೊರಗೆ ಹೋಗಬೇಕಾಗಿತ್ತು. ಗಾಳಿಯಿಲ್ಲದ, ಮೇಲು ಕೆಳಗೆಂಬುದಿಲ್ಲದ ಆ ಬಯಲಿನಲ್ಲಿ ಮನುಷ್ಯನ ದೇಹ ತಡೆಯುತ್ತದೆಯೇ, ಬುದ್ಧಿ ಸ್ಥಿಮಿತದಲ್ಲಿ ಉಳಿಯುತ್ತದೆಯೇ ಎಂದು ವೈದ್ಯರೂ ಖಚಿತವಾಗಿ ಹೇಳಲಾರದ ಕಾಲ ಅದು. 1965ರ ಮಾರ್ಚ್ 18ರಂದು ಸೋವಿಯತ್ ಒಕ್ಕೂಟದ ಅಲೆಕ್ಸಿ ಲಿಯೊನೊವ್ ಆ ಕೆಲಸ ಮಾಡಿದರು. ಅವರು ಹೊರಗಿದ್ದದ್ದು ಹನ್ನೆರಡು ನಿಮಿಷ ಒಂಬತ್ತು ಸೆಕೆಂಡು ಮಾತ್ರ. ಆ ಹನ್ನೆರಡು ನಿಮಿಷದ ಚಿತ್ರವನ್ನು ಜಗತ್ತು ಅಂದೇ ನೋಡಿತು. ನಿಜವಾಗಿ ಅಲ್ಲಿ ಏನಾಯಿತು ಎಂಬುದನ್ನು ತಿಳಿಯಲು ಅದೇ ಜಗತ್ತು ದಶಕಗಳ ಕಾಲ ಕಾಯಬೇಕಾಯಿತು.

ಒಲೆಗೆ ಚಿತ್ರ ಬರೆದ ಹುಡುಗ

ಲಿಯೊನೊವ್ ಹುಟ್ಟಿದ್ದು 1934ರ ಮೇ 30ರಂದು, ಪಶ್ಚಿಮ ಸೈಬೀರಿಯದ ಕೆಮೆರೊವೊ ಸೀಮೆಯ ಲಿಸ್ತ್ವ್ಯಾಂಕಾ ಎಂಬ ಹಳ್ಳಿಯಲ್ಲಿ. ಮನೆ ತುಂಬ ಮಕ್ಕಳಿದ್ದ ರೈತ ಕುಟುಂಬ. ಅಲೆಕ್ಸಿಗೆ ಸುಮಾರು ಮೂರು ವರ್ಷವಾಗಿದ್ದಾಗ ತಂದೆ ಅರ್ಖಿಪ್‌ನನ್ನು ಪೊಲೀಸರು ಹಿಡಿದುಕೊಂಡು ಹೋದರು. ಸ್ಟಾಲಿನ್ ಆಡಳಿತದ ಆ ವರ್ಷಗಳಲ್ಲಿ ‘ಜನದ್ರೋಹಿ’ ಎಂಬ ಹಣೆಪಟ್ಟಿ ಹಚ್ಚಲು ಹೆಚ್ಚಿನ ಕಾರಣ ಬೇಕಿರಲಿಲ್ಲ. ಹಾಗೆ ಹಣೆಪಟ್ಟಿ ಬಿದ್ದವನ ಮನೆಯ ಸಾಮಾನನ್ನು ನೆರೆಹೊರೆಯವರು ಹೊತ್ತೊಯ್ದರೂ ಕೇಳುವವರಿರಲಿಲ್ಲ. ಮನೆ ಕಳೆದುಕೊಂಡ ತಾಯಿ ಮಕ್ಕಳನ್ನು ಕಟ್ಟಿಕೊಂಡು ಕೆಮೆರೊವೊ ಪಟ್ಟಣದಲ್ಲಿದ್ದ ಮದುವೆಯಾದ ಮಗಳ ಕೋಣೆಗೆ ಬಂದಳು. ತಂದೆ ಮುಂದೆ ನಿರ್ದೋಷಿ ಎನಿಸಿಕೊಂಡು ಬಿಡುಗಡೆಯಾದ. ಆದರೆ ಆ ಚಳಿಗಾಲಗಳ ನೆನಪು ಮಗನ ಮನಸ್ಸಿನಿಂದ ಹೋಗಲಿಲ್ಲ.

ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ರಷ್ಯದ ಹಳ್ಳಿಮನೆಗಳಲ್ಲಿ ಒಲೆ ಎಂದರೆ ಕೋಣೆಯ ಅರ್ಧ ಭಾಗವನ್ನೇ ಆಕ್ರಮಿಸುವ, ಸುಣ್ಣ ಬಳಿದ ದೊಡ್ಡ ಕಟ್ಟೆ. ನೆರೆಮನೆಗಳ ಒಲೆಗಳ ಮೇಲೆ ಹೂಬಳ್ಳಿ ಬರೆದುಕೊಟ್ಟು ಕೂಲಿಯಾಗಿ ಬ್ರೆಡ್ಡು ಪಡೆಯುತ್ತಿದ್ದುದನ್ನು ಲಿಯೊನೊವ್ ಮುಂದೆ ನೆನೆದುಕೊಂಡಿದ್ದಾರೆ. 1948ರಲ್ಲಿ ಕುಟುಂಬ ಬಾಲ್ಟಿಕ್ ತೀರದ ಕಲಿನಿನ್‌ಗ್ರಾದ್‌ಗೆ ಹೋಯಿತು. ಶಾಲೆ ಮುಗಿಸಿದ ಮೇಲೆ ರೀಗಾ ನಗರದ ಕಲಾ ಅಕಾಡೆಮಿಯಲ್ಲಿ ಸೀಟೂ ಸಿಕ್ಕಿತು. ಆದರೆ ಅಲ್ಲಿ ಇದ್ದು ಓದಲು ಹಣವಿರಲಿಲ್ಲ. ವಾಯುಪಡೆಯ ತರಬೇತಿ ಶಾಲೆಯಲ್ಲಾದರೆ ಊಟ, ಬಟ್ಟೆ, ವಸತಿ ಎಲ್ಲವೂ ಸರ್ಕಾರದ್ದು. ಹೀಗೆ ಕಲಾವಿದನಾಗಬೇಕಿದ್ದವನು ಯುದ್ಧವಿಮಾನದ ಪೈಲಟ್ ಆದ. 1957ರಲ್ಲಿ ಚುಗುಯೆವ್‌ನ ವಾಯುಪಡೆ ಶಾಲೆಯಿಂದ ಪದವಿ ಬಂತು.

1959ರಲ್ಲಿ ‘ಹೊಸ ಬಗೆಯ ಹಾರಾಟ’ಕ್ಕೆ ಪೈಲಟ್‌ಗಳನ್ನು ಆರಿಸಲು ಗುಟ್ಟಾಗಿ ವೈದ್ಯಕೀಯ ಪರೀಕ್ಷೆ ಆರಂಭವಾಯಿತು. 1960ರಲ್ಲಿ ಆಯ್ಕೆಯಾದ ಮೊದಲ ಇಪ್ಪತ್ತು ಮಂದಿಯಲ್ಲಿ ಲಿಯೊನೊವ್ ಒಬ್ಬರು. ಇನ್ನೊಬ್ಬರು ಯೂರಿ ಗಗಾರಿನ್. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಅಂದು ಬೆಳೆದ ಅವರ ಸ್ನೇಹ ಗಗಾರಿನ್ ಸಾಯುವವರೆಗೂ ಉಳಿಯಿತು.

ಪೈಪೋಟಿಯ ದಿನಗಳು

ಆ ಕಾಲದ ಬಾಹ್ಯಾಕಾಶ ಯಾನವನ್ನು ಶೀತಲ ಸಮರದಿಂದ ಬೇರ್ಪಡಿಸಿ ನೋಡಲಾಗದು. 1957ರ ಸ್ಪುಟ್ನಿಕ್, 1961ರ ಗಗಾರಿನ್ ಯಾನ, 1963ರಲ್ಲಿ ಮೊದಲ ಮಹಿಳೆ ವಲೆಂಟೀನಾ ತೆರೆಷ್ಕೊವಾ—ಹೀಗೆ ಒಂದಾದ ಮೇಲೊಂದರಂತೆ ಸೋವಿಯತ್ ಒಕ್ಕೂಟ ಮುಂದಿತ್ತು. ಅಮೆರಿಕ ಇಬ್ಬರು ಕೂರುವ ‘ಜೆಮಿನಿ’ ನೌಕೆಯನ್ನು ಸಿದ್ಧಪಡಿಸುತ್ತಿತ್ತು. ಅದರಲ್ಲಿ ಹೋದವರು ಬಾಗಿಲು ತೆರೆದು ಹೊರಬರುವ ಯೋಜನೆಯೂ ಇತ್ತು. ಅದಕ್ಕೆ ಮೊದಲೇ ತಮ್ಮವರು ಹೊರಬರಬೇಕೆಂಬುದು ಮಾಸ್ಕೋದ ಹಟ.

ಸೋವಿಯತ್ ಬಾಹ್ಯಾಕಾಶ ಕಾರ್ಯದ ಮುಖ್ಯ ವಿನ್ಯಾಸಕ ಸೆರ್ಗೈ ಕೊರೊಲೆವ್. ಅವರು ಬದುಕಿರುವ ತನಕ ಅವರ ಹೆಸರನ್ನೂ ಸರ್ಕಾರ ಹೊರಗೆ ಬಿಡಲಿಲ್ಲ. ಹೊಸ ನೌಕೆ ಕಟ್ಟುವಷ್ಟು ಸಮಯ ಅವರಿಗಿರಲಿಲ್ಲ. ಗಗಾರಿನ್ ಹಾರಿದ ಒಬ್ಬರ ನೌಕೆಯನ್ನೇ ಮಾರ್ಪಡಿಸಿ ‘ವಸ್ಖೋದ್’ ಎಂದು ಹೆಸರಿಟ್ಟರು. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ‘ಉದಯ’. ಅದೇ ಸಣ್ಣ ಗೋಳದೊಳಗೆ 1964ರ ಅಕ್ಟೋಬರಿನಲ್ಲಿ ಮೂರು ಜನರನ್ನು ಕೂರಿಸಿದ್ದರು. ಜಾಗ ಸಾಲದ್ದರಿಂದ ಅವರಿಗೆ ರಕ್ಷಣಾ ಪೋಷಾಕನ್ನೇ ತೊಡಿಸಿರಲಿಲ್ಲ! ವಸ್ಖೋದ್-2ರಲ್ಲಿ ಇಬ್ಬರು, ಇಬ್ಬರಿಗೂ ಪೋಷಾಕು. ಆದರೆ ರಾಕೆಟ್ ಮೇಲೇರುವಾಗ ಅವಘಡವಾದರೆ ಪಾರಾಗುವ ಏರ್ಪಾಡು ಮಾತ್ರ ಇರಲಿಲ್ಲ.

ಇಲ್ಲಿ ಒಂದು ತಾಂತ್ರಿಕ ತೊಡಕಿತ್ತು. ಅಮೆರಿಕದ ಜೆಮಿನಿ ನೌಕೆಯೊಳಗಿನ ಗಾಳಿಯನ್ನು ಪೂರ್ತಿ ಹೊರಬಿಟ್ಟು ಬಾಗಿಲು ತೆರೆಯಬಹುದಿತ್ತು. ವಸ್ಖೋದ್‌ನಲ್ಲಿ ಹಾಗೆ ಮಾಡುವಂತಿರಲಿಲ್ಲ. ಅದರ ವಿದ್ಯುತ್ ಉಪಕರಣಗಳು ತಣ್ಣಗಿರಲು ಒಳಗಿನ ಗಾಳಿಯೇ ಬೇಕಿತ್ತು. ಆದ್ದರಿಂದ ನಡುವೆ ಒಂದು ಪುಟ್ಟ ಕೋಣೆ ಬೇಕು: ಒಳಬಾಗಿಲು ಮುಚ್ಚಿ, ಆ ಕೋಣೆಯ ಗಾಳಿಯನ್ನಷ್ಟೇ ಹೊರಬಿಟ್ಟು, ಹೊರಬಾಗಿಲು ತೆರೆಯಬೇಕು. ಗಟ್ಟಿ ಲೋಹದ ಕೋಣೆ ರಾಕೆಟ್ಟಿನ ತಲೆಯೊಳಗೆ ಹಿಡಿಸದು. ವಿನ್ಯಾಸಕಾರರು ಬಟ್ಟೆ ಮತ್ತು ರಬ್ಬರಿನಿಂದ ಒಂದು ಕೊಳವೆ ಮಾಡಿ, ಮಡಿಚಿ ನೌಕೆಯ ಪಕ್ಕಕ್ಕೆ ಅಂಟಿಸಿದರು. ಕಕ್ಷೆಗೆ ಹೋದ ಮೇಲೆ ಗಾಳಿ ತುಂಬಿದರೆ ಅದು ಸುಮಾರು ಎರಡೂವರೆ ಮೀಟರ್ ಉದ್ದಕ್ಕೆ ಚಾಚಿಕೊಳ್ಳುತ್ತಿತ್ತು. ಅದಕ್ಕೆ ‘ವೋಲ್ಗಾ’ ಎಂಬ ನದಿಯ ಹೆಸರು. ಪೋಷಾಕಿಗೆ ‘ಬೆರ್ಕುತ್’, ಎಂದರೆ ಹೊನ್ನಹದ್ದು.

ಯಾನಕ್ಕೆ ಒಂದು ತಿಂಗಳೂ ಇಲ್ಲದಾಗ, ಫೆಬ್ರುವರಿ 22ರಂದು, ಇದೇ ಏರ್ಪಾಡಿನ ಮಾನವರಹಿತ ನೌಕೆಯೊಂದನ್ನು ‘ಕಾಸ್ಮೋಸ್-57’ ಎಂಬ ಹೆಸರಿನಲ್ಲಿ ಹಾರಿಸಿ ನೋಡಿದರು. ಕೊಳವೆ ಸರಿಯಾಗಿಯೇ ಉಬ್ಬಿತು. ಅಷ್ಟರಲ್ಲಿ ಎರಡು ಭೂಕೇಂದ್ರಗಳು ಒಟ್ಟಿಗೇ ಕಳಿಸಿದ ಸಂಕೇತಗಳು ಬೆರೆತು, ನೌಕೆ ಅದನ್ನು ಇಳಿಯುವ ಅಪ್ಪಣೆಯೆಂದು ತಿಳಿದು, ಕೊನೆಗೆ ತನ್ನನ್ನು ತಾನೇ ಸ್ಫೋಟಿಸಿಕೊಂಡಿತು. ಮತ್ತೊಂದು ನೌಕೆ ಕಟ್ಟಿ ಪರೀಕ್ಷಿಸಲು ಬಹಳ ತಿಂಗಳು ಬೇಕು. ಅಷ್ಟರಲ್ಲಿ ಅಮೆರಿಕದವರು ಮುಂದಾಗುತ್ತಾರೆ. ಹೋಗುವುದೆಂದೇ ತೀರ್ಮಾನವಾಯಿತು.

ಬಯಲಿಗೆ

ಮಾರ್ಚ್ 18ರ ಬೆಳಿಗ್ಗೆ, ಮಾಸ್ಕೋ ಸಮಯ ಹತ್ತು ಗಂಟೆಗೆ, ಕಜಕಸ್ತಾನದ ಬೈಕೊನೂರ್‌ನಿಂದ ವಸ್ಖೋದ್-2 ಮೇಲೇರಿತು. ನಾಯಕ ಪಾವೆಲ್ ಬೆಲ್ಯಾಯೆವ್. ಜತೆಗೆ ಮೂವತ್ತು ವರ್ಷದ ಲಿಯೊನೊವ್. ಮೊದಲ ಪ್ರದಕ್ಷಿಣೆ ಮುಗಿಯುವ ಹೊತ್ತಿಗೆ ಲಿಯೊನೊವ್ ಬೆನ್ನಿಗೆ ಆಮ್ಲಜನಕದ ಚೀಲ ಕಟ್ಟಿಕೊಂಡು ಕೊಳವೆಯೊಳಗಿದ್ದರು. ಸಮಯ 11 ಗಂಟೆ 34 ನಿಮಿಷ. ಹೊರಬಾಗಿಲಿನಿಂದ ತಲೆ ಹೊರಹಾಕಿ, ಮೆಲ್ಲಗೆ ತಳ್ಳಿಕೊಂಡರು.

ನಾವು ‘ನಡಿಗೆ’ ಎಂದು ಕರೆದರೂ ಅದರಲ್ಲಿ ನಡೆಯುವುದೇನೂ ಇಲ್ಲ. ಕಾಲೂರಲು ನೆಲವಿಲ್ಲ. ನೌಕೆ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಹೊರಬಂದವನೂ ಅದೇ ವೇಗದಲ್ಲಿ ಅದರ ಪಕ್ಕದಲ್ಲೇ ಓಡುತ್ತಿರುತ್ತಾನೆ. ಆದ್ದರಿಂದ ಅವನಿಗೆ ವೇಗದ ಅರಿವೇ ಆಗದು. ಲಿಯೊನೊವ್‌ಗೆ ಆಧಾರವಾಗಿದ್ದುದು ಐದು ಮೀಟರಿಗಿಂತ ತುಸು ಹೆಚ್ಚು ಉದ್ದದ ಒಂದು ಹಗ್ಗ. ಅದರೊಳಗೇ ದೂರವಾಣಿಯ ತಂತಿ. ಕೆಳಗೆ ಕಪ್ಪು ಸಮುದ್ರ ಮತ್ತು ಕಾಕಸಸ್ ಪರ್ವತಗಳು ಭೂಪಟ ಹಾಸಿದಂತೆ ಸ್ಪಷ್ಟವಾಗಿ ಕಂಡವು. ಸುತ್ತ ಎಲ್ಲೆಲ್ಲೂ ಮೌನ. ತಮ್ಮ ಉಸಿರಾಟ, ಎದೆಬಡಿತ ಮಾತ್ರ ಕೇಳುತ್ತಿದ್ದವೆಂದು ಅವರು ಮುಂದೆ ಹಲವು ಸಲ ಹೇಳಿದ್ದುಂಟು. ಭೂಮಿ ನಿಜಕ್ಕೂ ದುಂಡಗಿದೆ ಎಂಬುದು ಅವರ ಮೊದಲ ಉದ್ಗಾರಗಳಲ್ಲಿ ಒಂದು.

ಕೊಳವೆಯ ತುದಿಗೆ ಸಿಕ್ಕಿಸಿದ್ದ ಕ್ಯಾಮೆರಾ ಇದೆಲ್ಲವನ್ನೂ ಚಿತ್ರಿಸುತ್ತಿತ್ತು. ಭೂಮಿಯಲ್ಲಿ ಟೆಲಿವಿಷನ್ ಅದನ್ನು ಬಿತ್ತರಿಸಿತು. ಮನೆಯಲ್ಲಿ ನೋಡುತ್ತಿದ್ದ ಲಿಯೊನೊವ್ ಅವರ ಪುಟ್ಟ ಮಗಳು ಅಪ್ಪನನ್ನು ಒಳಗೆ ಹೋಗಲು ಹೇಳಿ ಎಂದು ಅತ್ತಳಂತೆ. ಮುದುಕ ತಂದೆಗೆ ಇದೇನೆಂದು ಅರ್ಥವಾಗದೆ, ಎಲ್ಲರೂ ಒಳಗೆ ಕೂತು ಕೆಲಸ ಮಾಡುವಾಗ ಇವನೊಬ್ಬ ಪೋಕರಿಯಂತೆ ಹೊರಗೇಕೆ ಹೋದ ಎಂದು ಸಿಟ್ಟಾದರಂತೆ. ಈ ಕಥೆಯನ್ನು ಹೇಳಿ ನಗುತ್ತಿದ್ದವರು ಲಿಯೊನೊವ್ ಅವರೇ.

ಉಬ್ಬಿದ ಪೋಷಾಕು

ನಗುವ ಸಂಗತಿ ಅಲ್ಲಿಗೆ ಮುಗಿಯಿತು. ಹೊರಗೆ ಕೆಲವು ನಿಮಿಷ ಕಳೆಯುವಷ್ಟರಲ್ಲಿ ಪೋಷಾಕು ಉಬ್ಬಿ ಬಿಗಿಯಾಗತೊಡಗಿತ್ತು. ಸೈಕಲ್ ಟ್ಯೂಬಿಗೆ ಗಾಳಿಯಿಲ್ಲದಾಗ ಅದನ್ನು ಹೇಗೆ ಬೇಕಾದರೂ ಮಡಿಚಬಹುದು; ಗಾಳಿ ತುಂಬಿದರೆ ಬಗ್ಗಿಸಲು ಎರಡು ಕೈಯ ಬಲವೂ ಸಾಲದು. ವ್ಯೋಮಯಾನಿಯ ಪೋಷಾಕಿನದೂ ಇದೇ ಪಾಡು. ಒಳಗೆ ಉಸಿರಾಡಲು ಆಮ್ಲಜನಕ ಒತ್ತಿ ತುಂಬಿರುತ್ತದೆ, ಹೊರಗೆ ಅದನ್ನು ಎದುರೊತ್ತುವ ಗಾಳಿಯೇ ಇಲ್ಲ. ಲಿಯೊನೊವ್ ಅವರ ಬೆರಳುಗಳು ಕೈಗವಸಿನ ತುದಿಯಿಂದ ಹಿಂದೆ ಸರಿದವು, ಪಾದಗಳು ಬೂಟಿನೊಳಗೆ ನಿಲ್ಲಲಿಲ್ಲ. ಎದೆಯ ಮೇಲಿದ್ದ ಕ್ಯಾಮೆರಾದ ಗುಂಡಿಯನ್ನು ತೊಡೆಯ ಬಳಿ ಇಟ್ಟಿದ್ದರು. ಅದಕ್ಕೆ ಕೈ ಎಟುಕಲಿಲ್ಲ.

ಫೋಟೋ ಹೋದರೆ ಹೋಗಲಿ, ಒಳಗೆ ಹೋಗುವುದು ಹೇಗೆ? ನಿಯಮದ ಪ್ರಕಾರ ಕಾಲು ಮೊದಲು ತೂರಿಸಿ ಕೊಳವೆಯೊಳಗೆ ಇಳಿಯಬೇಕು. ಆ ಬಿಗಿಯಲ್ಲಿ ಅದು ಆಗುವಂತಿರಲಿಲ್ಲ. ನೌಕೆ ಭೂಮಿಯ ನೆರಳಿಗೆ ಜಾರಿ ಕತ್ತಲಾಗಲು ಉಳಿದದ್ದು ಕೆಲವೇ ನಿಮಿಷ.

ಪೋಷಾಕಿನೊಳಗಿನ ಒತ್ತಡ ತಗ್ಗಿಸಲು ಒಂದು ಕವಾಟವಿತ್ತು. ಅದನ್ನು ತೆರೆದರೆ ಪೋಷಾಕು ಸಡಿಲವಾಗುತ್ತದೆ. ಆದರೆ ಅಪಾಯವೂ ಇದೆ. ಗೋಲಿ ಸೋಡಾದ ಗುಂಡು ಒತ್ತಿದ ಕೂಡಲೇ ಅದುವರೆಗೆ ಕಾಣದಿದ್ದ ಗುಳ್ಳೆಗಳು ಬುಸ್ಸೆಂದು ಏಳುತ್ತವಲ್ಲ, ಹಾಗೆಯೇ ಒತ್ತಡ ಥಟ್ಟನೆ ಇಳಿದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟುತ್ತದೆ. ಸಮುದ್ರದಾಳಕ್ಕೆ ಮುಳುಗುವವರು ಅವಸರದಲ್ಲಿ ಮೇಲೆ ಬಂದಾಗ ಬರುವ ಕಾಯಿಲೆ ಇದೇ. ಶುದ್ಧ ಆಮ್ಲಜನಕವನ್ನು ಕೆಲಕಾಲ ಉಸಿರಾಡಿದ್ದರಿಂದ ಸಾರಜನಕ ಬಹುಪಾಲು ಹೋಗಿರಬಹುದು ಎಂಬುದೊಂದೇ ಲಿಯೊನೊವ್ ಅವರ ಭರವಸೆ.

ಕೇಳುವುದಿದ್ದರೆ ಭೂಮಿಯವರನ್ನು ಕೇಳಬಹುದಿತ್ತು. ಅವರು ಕೇಳಲಿಲ್ಲ. ಕೇಳಿದ್ದರೆ ಸಮಿತಿ ಸೇರಿ ಚರ್ಚೆ ಮಾಡುತ್ತಿತ್ತು, ಅಷ್ಟು ಹೊತ್ತು ನನ್ನ ಬಳಿ ಇರಲಿಲ್ಲ ಎಂಬ ಅರ್ಥದ ಮಾತನ್ನು ಅವರು ಆಮೇಲೆ ಆಡಿದ್ದಾರೆ. ಕವಾಟ ತಿರುಗಿಸಿ ಒತ್ತಡವನ್ನು ಭೂಮಿಯ ವಾಯುಒತ್ತಡದ ಶೇಕಡ 40ರಿಂದ ಸುಮಾರು 27ಕ್ಕೆ ಇಳಿಸಿದರು. ನಿಯಮ ಬಿಟ್ಟು ತಲೆ ಮೊದಲು ಮಾಡಿ ಕೊಳವೆಯೊಳಗೆ ತೂರಿದರು. ಹೊರಬಾಗಿಲು ಸರಿಯಾಗಿ ಮುಚ್ಚಿತೇ ಎಂದು ನೋಡಲು ಸುಮಾರು ಒಂದು ಮೀಟರ್ ಅಗಲದ ಆ ಕೊಳವೆಯಲ್ಲಿ ಉಬ್ಬಿದ ಪೋಷಾಕಿನೊಂದಿಗೆ ಹಿಂದುಮುಂದಾಗಿ ತಿರುಗಬೇಕಾಯಿತು. ಎಲ್ಲಕ್ಕಿಂತ ಹೆಚ್ಚು ದಣಿಸಿದ್ದು ಇದೇ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಒರೆಸಿಕೊಳ್ಳಲು ಹೆಲ್ಮೆಟ್ ಅಡ್ಡ. ಆ ಯಾನದಲ್ಲಿ ತಮ್ಮ ತೂಕ ಆರು ಕಿಲೋ ಇಳಿಯಿತೆಂದು ಅವರು ಹೇಳುತ್ತಿದ್ದರು.

ಒಳಗೆ ಬಂದು ಉಸಿರು ಸುಧಾರಿಸಿಕೊಂಡ ಮೇಲೆ ಅವರು ಮಾಡಿದ ಒಂದು ಕೆಲಸ ಹೇಳಲೇಬೇಕು. ತೇಲಿಹೋಗದಂತೆ ದಾರದಿಂದ ಕಟ್ಟಿ ತಂದಿದ್ದ ಬಣ್ಣದ ಪೆನ್ಸಿಲುಗಳಿಂದ, ಭೂಮಿಯ ಅಂಚಿನಲ್ಲಿ ಸೂರ್ಯ ಹುಟ್ಟುವ ಬಗೆಯನ್ನು ಕಾಗದದ ಮೇಲೆ ಬರೆದರು. ಭೂಮಿಯಾಚೆ ಮನುಷ್ಯ ಬರೆದ ಮೊದಲ ಚಿತ್ರ ಅದು. ಕಾಗದದ ಮೇಲೆ ಕೆಲವೇ ಬಣ್ಣದ ಪಟ್ಟಿಗಳು. ಐವತ್ತು ವರ್ಷದ ಮೇಲೆ, 2015ರಲ್ಲಿ, ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯ ಅದನ್ನು ಪ್ರದರ್ಶನಕ್ಕಿಟ್ಟಾಗ ಲಿಯೊನೊವ್ ಸ್ವತಃ ಬಂದಿದ್ದರು.

ಕಾಡಿನಲ್ಲಿ ಎರಡು ರಾತ್ರಿ

ಕಷ್ಟ ಇನ್ನೂ ಇತ್ತು. ನೌಕೆಯೊಳಗಿನ ಆಮ್ಲಜನಕದ ಪ್ರಮಾಣ ಏರತೊಡಗಿತು. ಆಮ್ಲಜನಕ ಹೆಚ್ಚಿದ ಕೋಣೆಯಲ್ಲಿ ಒಂದು ಕಿಡಿ ಸಾಕು. 1961ರ ಮಾರ್ಚಿನಲ್ಲಿ ಇವರ ಜತೆಗಾರನೇ ಆದ ವಲೆಂಟಿನ್ ಬೊಂಡರೆಂಕೊ ತರಬೇತಿ ಕೋಣೆಯಲ್ಲಿ ಹೀಗೆಯೇ ಸುಟ್ಟು ಸತ್ತಿದ್ದ. ಹೊರಗಿನ ಜಗತ್ತಿಗೆ ತಿಳಿಯದ ಆ ಸಾವು ಇವರಿಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ಗಂಟೆಗಟ್ಟಲೆ ಪಾಡುಪಟ್ಟ ಮೇಲೆ ಆ ಪ್ರಮಾಣ ಹತೋಟಿಗೆ ಬಂತು.

ಮರುದಿನ ಇಳಿಯುವ ಹೊತ್ತಿಗೆ, ನೌಕೆಯನ್ನು ತಾನಾಗಿ ಸರಿಯಾದ ದಿಕ್ಕಿಗೆ ತಿರುಗಿಸಬೇಕಿದ್ದ ವ್ಯವಸ್ಥೆ ಕೈಕೊಟ್ಟಿತು. ಮುಂದಿನ ಪ್ರದಕ್ಷಿಣೆಯಲ್ಲಿ ಬೆಲ್ಯಾಯೆವ್ ಕೈಯಿಂದಲೇ ನೌಕೆಯನ್ನು ತಿರುಗಿಸಬೇಕಾಯಿತು. ಸೋವಿಯತ್ ಯಾನಗಳಲ್ಲಿ ಅದುವರೆಗೆ ಯಾರೂ ಹಾಗೆ ಇಳಿದಿರಲಿಲ್ಲ. ಕೊಳವೆಯ ಬಾಗಿಲಿಗೆ ಜಾಗ ಮಾಡಲು ಆಸನಗಳನ್ನು ಅಡ್ಡಲಾಗಿ ತಿರುಗಿಸಿದ್ದರಿಂದ, ದಿಕ್ಕು ನೋಡುವ ಕಿಟಕಿ ಆಸನದಲ್ಲಿ ಕೂತವನಿಗೆ ಕಾಣುತ್ತಿರಲಿಲ್ಲ. ಬೆಲ್ಯಾಯೆವ್ ಬೆಲ್ಟು ಬಿಚ್ಚಿ ಆಸನಗಳ ಮೇಲೆ ಅಡ್ಡ ಮಲಗಿ ನೋಡಿದರು, ಲಿಯೊನೊವ್ ಅವರನ್ನು ಹಿಡಿದುಕೊಂಡರು. ಆಮೇಲೆ ಇಬ್ಬರೂ ತಮ್ಮ ಜಾಗಕ್ಕೆ ಮರಳಬೇಕು. ಆಗ ಮಾತ್ರ ಎಂಜಿನ್ ಉರಿಸಬಹುದು. ಇದರಲ್ಲಿ ಮುಕ್ಕಾಲು ನಿಮಿಷದಷ್ಟು ತಡವಾಯಿತು. ಆ ವೇಗದಲ್ಲಿ ಮುಕ್ಕಾಲು ನಿಮಿಷವೆಂದರೆ ನೂರಾರು ಕಿಲೋಮೀಟರ್. ಗುರಿಯಿಂದ 386 ಕಿಲೋಮೀಟರ್ ಆಚೆ, ಉರಾಲ್ ಪರ್ವತದ ಮಗ್ಗುಲ ಪೆರ್ಮ್ ಸೀಮೆಯ ದಟ್ಟ ಕಾಡಿನಲ್ಲಿ, ಸೊಂಟದೆತ್ತರದ ಹಿಮದ ನಡುವೆ ಅವರು ಇಳಿದರು. ಬಾಗಿಲನ್ನು ಒಂದು ಬರ್ಚ್ ಮರ ಒತ್ತಿ ಹಿಡಿದಿತ್ತು. ತಳ್ಳಿ, ಅಲುಗಿಸಿ, ಹೇಗೋ ಹೊರಬಂದರು.

ಹೆಲಿಕಾಪ್ಟರ್ ಅವರನ್ನು ಕಂಡುಹಿಡಿದರೂ ಮರಗಳ ನಡುವೆ ಇಳಿಯಲು ಜಾಗವಿರಲಿಲ್ಲ. ಮೇಲಿನಿಂದ ಬೆಚ್ಚನೆಯ ಬಟ್ಟೆ, ಕೊಡಲಿ ಎಸೆದರು. ಕೆಲವು ಕೊಂಬೆಗಳಿಗೆ ಸಿಕ್ಕಿಕೊಂಡವು. ಪೋಷಾಕಿನೊಳಗೆ ತುಂಬಿದ್ದ ಬೆವರು ಹಿಮಗಟ್ಟುವ ಮೊದಲು ಒಳಬಟ್ಟೆ ಕಳಚಿ ಹಿಂಡಿ ಮತ್ತೆ ತೊಟ್ಟುಕೊಂಡು ಮೊದಲ ರಾತ್ರಿ ಕಳೆದರು. ಆ ಕಾಡು ತೋಳ, ಕರಡಿಗಳದ್ದು. ಮರುದಿನ ಒಂದು ತಂಡ ಸ್ಕೀ ಮೇಲೆ ಬಂದು ಮರದ ದಿಮ್ಮಿಗಳಿಂದ ಗುಡಿಸಲು ಕಟ್ಟಿ, ಬೆಂಕಿ ಹಾಕಿ, ನೀರು ಕಾಯಿಸಿಕೊಟ್ಟಿತು. ಮೂರನೆಯ ದಿನ, ಮಾರ್ಚ್ 21ರಂದು, ಸುಮಾರು ಒಂಬತ್ತು ಕಿಲೋಮೀಟರ್ ಸ್ಕೀ ಮಾಡಿಕೊಂಡು ಹೆಲಿಕಾಪ್ಟರ್ ಇಳಿಯುವಂತೆ ಮರ ಕಡಿದು ಮಾಡಿದ್ದ ಬಯಲಿಗೆ ತಲುಪಿದರು. ಕಾಡಿನಲ್ಲಿ ಕೈಯಲ್ಲಿದ್ದ ಸಣ್ಣ ಪಿಸ್ತೂಲು ಏತಕ್ಕೂ ಸಾಲದೆಂದು ಲಿಯೊನೊವ್ ಪದೇ ಪದೇ ಹೇಳಿದ್ದರಿಂದ, 1980ರ ದಶಕದಲ್ಲಿ ಸೋವಿಯತ್ ವ್ಯೋಮಯಾನಿಗಳಿಗೆಂದೇ ಮೂರು ನಳಿಗೆಯ ಬಂದೂಕೊಂದು ತಯಾರಾಯಿತು.

ಮುಚ್ಚಿಟ್ಟ ಕಥೆಯ ಬೆಲೆ

ಸರ್ಕಾರದ ಪ್ರಕಟಣೆಯಲ್ಲಿ ಇವೆಲ್ಲ ಇರಲಿಲ್ಲ. ಯಾನ ಯಶಸ್ವಿ, ವೀರರು ಕ್ಷೇಮ, ನಾಯಕ ಕೌಶಲದಿಂದ ಕೈಯಾರೆ ನೌಕೆ ಇಳಿಸಿದ—ಇಷ್ಟೇ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಪೋಷಾಕು ಉಬ್ಬಿದ ಸಂಗತಿ, ಕಾಡಿನ ರಾತ್ರಿಗಳ ವಿವರ ಹೊರಬರಲು ಸೋವಿಯತ್ ವ್ಯವಸ್ಥೆಯೇ ಸಡಿಲಗೊಳ್ಳಬೇಕಾಯಿತು.

ಈ ಮೌನಕ್ಕೆ ಬೆಲೆ ಇತ್ತು. 1965ರ ಜೂನ್ 3ರಂದು ಅಮೆರಿಕದ ಎಡ್ವರ್ಡ್ ವೈಟ್ ಜೆಮಿನಿ-4ರಿಂದ ಹೊರಬಂದು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ತೇಲಿದರು. ಕೈಯಲ್ಲಿ ಹಿಡಿದ ಅನಿಲ ಪಿಚಕಾರಿಯಿಂದ ಅತ್ತಿತ್ತ ಚಲಿಸಿದರು. ಒಳಗೆ ಹೋಗಲು ಮನಸ್ಸೇ ಬರದಷ್ಟು ಹಿಗ್ಗಿದ್ದರು. ಆದರೆ ಬಾಗಿಲು ಮುಚ್ಚುವಾಗ ಅವರೂ, ಜತೆಗಾರರೂ ಹೆಣಗಬೇಕಾಯಿತು. ಎರಡೂ ದೇಶಗಳ ಚಿತ್ರಗಳನ್ನು ನೋಡಿದವರಿಗೆ ಬಯಲಿನಲ್ಲಿ ತೇಲುವುದು ಸುಲಭವೆಂದೇ ತೋರಿತು. ಮುಂದಿನ ವರ್ಷ, 1966ರ ಜೂನ್‌ನಲ್ಲಿ, ಜೆಮಿನಿ-9ರ ಯೂಜೀನ್ ಸರ್ನನ್ ಎರಡು ಗಂಟೆ ಹೊರಗಿದ್ದು ನಿಜವಾದ ಕೆಲಸಕ್ಕೆ ಕೈಹಾಕಿದಾಗ ಭ್ರಮೆ ಹರಿಯಿತು. ಬಿಗಿದ ಪೋಷಾಕಿನೊಡನೆ ಗುದ್ದಾಡಿ ಬೆವರಿ, ಹೆಲ್ಮೆಟ್ಟಿನ ಗಾಜು ಮಂಜಾಗಿ, ಕಣ್ಣು ಕಾಣದಂತಾಗಿ, ಕೆಲಸ ಅರ್ಧಕ್ಕೆ ಬಿಟ್ಟು ಅವರು ಒಳಬರಬೇಕಾಯಿತು. ಅದೇ ಸೆಪ್ಟೆಂಬರಿನಲ್ಲಿ ರಿಚರ್ಡ್ ಗಾರ್ಡನ್ ಕೂಡ ದಣಿದು ಬೇಗ ಮರಳಿದರು. ಹಿಡಿಕೆ, ಕಾಲು ಸಿಕ್ಕಿಸುವ ಪಟ್ಟಿ, ನೀರಿನ ಕೊಳದಲ್ಲಿ ಮುಳುಗಿ ಅಭ್ಯಾಸ—ಇವೆಲ್ಲ ಇದ್ದರೆ ಮಾತ್ರ ಅಲ್ಲಿ ಕೆಲಸ ಸಾಧ್ಯವೆಂಬುದನ್ನು ನವೆಂಬರಿನಲ್ಲಿ ಬಜ್ ಆಲ್ಡ್ರಿನ್ ತೋರಿಸಿಕೊಟ್ಟರು.

ಕೊಳವೆಯೊಳಗೆ ಒಬ್ಬ ಕಲಿತ ಪಾಠವನ್ನು ಇನ್ನೊಂದು ದೇಶದವರು ಒಂದೂವರೆ ವರ್ಷ ಪ್ರಾಣ ಪಣಕ್ಕಿಟ್ಟು ಮತ್ತೆ ಕಲಿತರು. ಪೈಪೋಟಿ ಮನುಷ್ಯನನ್ನು ಬೇಗ ಮುಂದಕ್ಕೊಯ್ಯುತ್ತದೆ ಎನ್ನುತ್ತಾರೆ. ಗುಟ್ಟು ಜತೆಗೂಡಿದರೆ ಅದೇ ಪೈಪೋಟಿ ಒಂದೇ ಹಳ್ಳಕ್ಕೆ ಎರಡು ಸಲ ಬೀಳಿಸುತ್ತದೆ ಎಂಬುದನ್ನೂ ಈ ಇತಿಹಾಸ ಹೇಳುತ್ತದೆ. ಇಷ್ಟು ಮಾತ್ರ ನೆನಪಿರಲಿ: ವಿವರಗಳು ಹೊರಬಂದದ್ದು ಹೆಚ್ಚಾಗಿ ಲಿಯೊನೊವ್ ಅವರ ಬಾಯಿಂದಲೇ. ಅವರು ಒಳ್ಳೆಯ ಮಾತುಗಾರ. ಹೇಳಿದಂತೆ ಹೇಳಿದಂತೆ ಸಣ್ಣಪುಟ್ಟ ಸಂಗತಿಗಳು ಬದಲಾದದ್ದೂ ಉಂಟು. ಕಥೆಯ ಮುಖ್ಯ ಎಳೆ ಮಾತ್ರ ಬದಲಾಗಲಿಲ್ಲ.

ಕೈತಪ್ಪಿದ ಚಂದ್ರ

ಮುಂದಿನ ಹತ್ತು ವರ್ಷ ಲಿಯೊನೊವ್ ಪಾಲಿಗೆ ಕಾಯುವ, ಕಳೆದುಕೊಳ್ಳುವ ಕಾಲ. 1966ರ ಜನವರಿಯಲ್ಲಿ ಕೊರೊಲೆವ್ ತೀರಿಕೊಂಡರು. 1968ರ ಮಾರ್ಚ್ 27ರಂದು ಗಗಾರಿನ್ ತರಬೇತಿ ವಿಮಾನ ಬಿದ್ದು ಸತ್ತರು. ಆ ದಿನ ಹತ್ತಿರದಲ್ಲೇ ಇದ್ದ ಲಿಯೊನೊವ್‌ಗೆ ಎರಡು ಸದ್ದು ಕೇಳಿಸಿತ್ತು. ಇನ್ನೊಂದು ವಿಮಾನ ತೀರ ಸಮೀಪ ಹಾದುಹೋದದ್ದೇ ಅವಘಡಕ್ಕೆ ಕಾರಣ ಎಂದು ಅವರು ಕೊನೆಯವರೆಗೂ ವಾದಿಸಿದರು. 1970ರ ಜನವರಿಯಲ್ಲಿ ಬೆಲ್ಯಾಯೆವ್ ಹೊಟ್ಟೆಯ ಹುಣ್ಣಿನ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು.

ಈ ನಡುವೆ ಲಿಯೊನೊವ್ ಚಂದ್ರಯಾನಕ್ಕೆ ಸಿದ್ಧರಾಗುತ್ತಿದ್ದರು. ಸೋವಿಯತ್ ಯೋಜನೆಯಲ್ಲಿ ಚಂದ್ರನ ಮೇಲೆ ಇಳಿಯಬೇಕಾದವನು ಒಬ್ಬನೇ. ತಾಯಿನೌಕೆಯಿಂದ ಇಳಿಯುವ ನೌಕೆಗೆ ಹೋಗಲು ಒಳಗಿನಿಂದ ದಾರಿ ಇರಲಿಲ್ಲ; ಹೊರಬಂದು ಬಯಲಿನಲ್ಲೇ ದಾಟಬೇಕಿತ್ತು. ಬಯಲಿನ ಅನುಭವ ಇದ್ದವರು ಆ ಪಟ್ಟಿಯ ಮುಂಚೂಣಿಯಲ್ಲಿದ್ದುದು ಸಹಜ. ಆದರೆ ಅದಕ್ಕೆಂದು ಕಟ್ಟಿದ ಎನ್-1 ರಾಕೆಟ್ 1969ರಿಂದ 1972ರವರೆಗೆ ನಾಲ್ಕು ಸಲ ಹಾರಿ ನಾಲ್ಕು ಸಲವೂ ವಿಫಲವಾಯಿತು. ಅಷ್ಟರಲ್ಲಿ ಅಮೆರಿಕದವರು ಚಂದ್ರನ ಮೇಲೆ ನಡೆದಾಡಿ ಬಂದಿದ್ದರು.

ಸಾವು ಎರಡು ಸಲ ಅವರ ಪಕ್ಕದಲ್ಲೇ ಹಾದುಹೋಯಿತು. 1969ರ ಜನವರಿ 22ರಂದು ಕ್ರೆಮ್ಲಿನ್ ಬಾಗಿಲಲ್ಲಿ ಒಬ್ಬ ಬ್ರೆಜ್ನೆವ್ ಅವರನ್ನು ಕೊಲ್ಲಲು ಗುಂಡು ಹಾರಿಸಿದ. ಆದರೆ ಅವನು ಗುರಿಯಿಟ್ಟ ಕಾರಿನಲ್ಲಿ ಇದ್ದವರು ಲಿಯೊನೊವ್, ತೆರೆಷ್ಕೊವಾ ಮೊದಲಾದ ವ್ಯೋಮಯಾನಿಗಳು. ಚಾಲಕ ಸತ್ತ. 1971ರ ಜೂನ್‌ನಲ್ಲಿ ಸೊಯುಜ್-11ರ ನಾಯಕರಾಗಿ ಲಿಯೊನೊವ್ ಹೊರಡುವುದಿತ್ತು. ಕೊನೆಯ ಗಳಿಗೆಯಲ್ಲಿ ಜತೆಗಾರ ವಲೆರಿ ಕುಬಾಸೊವ್ ಅವರ ಶ್ವಾಸಕೋಶದಲ್ಲಿ ಕಲೆ ಕಂಡು, ಕ್ಷಯವೆಂದು ಶಂಕಿಸಿ, ಇಡೀ ತಂಡವನ್ನೇ ಬದಲಿಸಿದರು. ಅವರ ಬದಲು ಹೋದ ದೊಬ್ರೊವೊಲ್‌ಸ್ಕಿ, ವೊಲ್ಕೊವ್, ಪತ್ಸಾಯೆವ್ ಮೂವರೂ ಮರಳುವಾಗ ಕವಾಟವೊಂದು ತೆರೆದುಕೊಂಡು ಗಾಳಿ ಸೋರಿ ಸತ್ತರು. ಮೂರು ಜನರನ್ನು ಹಿಡಿಸಲು ಅಲ್ಲಿಯೂ ರಕ್ಷಣಾ ಪೋಷಾಕನ್ನು ಬಿಟ್ಟಿದ್ದರು. ಕುಬಾಸೊವ್‌ಗೆ ಇದ್ದದ್ದು ಕ್ಷಯವಲ್ಲ, ಬರಿಯ ಅಲರ್ಜಿ ಎಂದು ಆಮೇಲೆ ತಿಳಿಯಿತು.

ಕೈಕುಲುಕಿದ ದಿನ

ಲಿಯೊನೊವ್ ಎರಡನೆಯ ಸಲ ಬಾಹ್ಯಾಕಾಶಕ್ಕೆ ಹೋದದ್ದು 1975ರ ಜುಲೈನಲ್ಲಿ. ಈ ಬಾರಿಯದು ಪೈಪೋಟಿಯಲ್ಲ, ಭೇಟಿ. ಸೋವಿಯತ್ ಸೊಯುಜ್ ಮತ್ತು ಅಮೆರಿಕದ ಅಪೋಲೊ ನೌಕೆಗಳು ಕಕ್ಷೆಯಲ್ಲಿ ಒಂದನ್ನೊಂದು ಕೂಡಬೇಕಿತ್ತು. ಸೊಯುಜ್‌ನಲ್ಲಿ ಲಿಯೊನೊವ್, ಕುಬಾಸೊವ್. ಅಪೋಲೊದಲ್ಲಿ ಥಾಮಸ್ ಸ್ಟಾಫರ್ಡ್, ಡೊನಾಲ್ಡ್ ಸ್ಲೇಟನ್, ವಾನ್ಸ್ ಬ್ರಾಂಡ್. ಎರಡೂ ಕಡೆಯವರು ಒಬ್ಬರ ಭಾಷೆಯನ್ನು ಇನ್ನೊಬ್ಬರು ಕಲಿತರು, ಒಬ್ಬರ ತರಬೇತಿ ಕೇಂದ್ರಕ್ಕೆ ಇನ್ನೊಬ್ಬರು ಹೋದರು. ಒಕ್ಲಹೋಮದ ಸ್ಟಾಫರ್ಡ್ ತಮ್ಮ ಊರಿನ ಎಳೆತದಲ್ಲಿ ರಷ್ಯನ್ ಮಾತಾಡುವುದನ್ನು ಕೇಳಿ, ಈ ಯಾನದಲ್ಲಿ ರಷ್ಯನ್, ಇಂಗ್ಲಿಷ್ ಮತ್ತು ‘ಒಕ್ಲಹೋಮ್‌ಸ್ಕಿ’ ಎಂಬ ಮೂರು ಭಾಷೆಗಳಿವೆ ಎಂದು ಲಿಯೊನೊವ್ ತಮಾಷೆ ಮಾಡಿದ್ದರು.

ಜುಲೈ 17ರಂದು ನೌಕೆಗಳು ಕೂಡಿದವು. ನಡುವಿನ ಬಾಗಿಲು ತೆರೆದು ಇಬ್ಬರು ನಾಯಕರು ಕೈಕುಲುಕಿದರು. ಊಟಕ್ಕೆ ಬಂದ ಅತಿಥಿಗಳ ಮುಂದೆ ಲಿಯೊನೊವ್ ವೋಡ್ಕಾ ಚೀಟಿ ಅಂಟಿಸಿದ ಟ್ಯೂಬುಗಳನ್ನಿಟ್ಟರು. ಒಳಗಿದ್ದುದು ಬೀಟ್‌ರೂಟ್ ಸಾರು! ಅಲ್ಲಿಯೂ ಪೆನ್ಸಿಲ್ ಹಿಡಿದು ಜತೆಗಾರರ ಚಿತ್ರ ಬರೆದರು. ಆ ಸೊಯುಜ್‌ನ ಉಡಾವಣೆಯನ್ನು ಸೋವಿಯತ್ ಟೆಲಿವಿಷನ್ ನೇರವಾಗಿ ತೋರಿಸಿತು. ಸೋವಿಯತ್ ಉಡಾವಣೆಯೊಂದನ್ನು ಜನ ಹಾಗೆ ನೋಡಿದ್ದು ಅದೇ ಮೊದಲು. ಹತ್ತು ವರ್ಷದ ಹಿಂದೆ ಎಲ್ಲವನ್ನೂ ಮುಚ್ಚಿಟ್ಟ ವ್ಯವಸ್ಥೆಗೆ ಇದು ಸಣ್ಣ ಬದಲಾವಣೆಯಲ್ಲ.

ಆಮೇಲೆ 1991ರವರೆಗೆ ಅವರು ಮಾಸ್ಕೋ ಬಳಿಯ ಗಗಾರಿನ್ ತರಬೇತಿ ಕೇಂದ್ರದ ಹಿರಿಯ ಅಧಿಕಾರಿಯಾಗಿದ್ದರು. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ನಮ್ಮ ರಾಕೇಶ್ ಶರ್ಮ ಮತ್ತು ಅವರ ಬದಲಿ ಯಾನಿಯಾಗಿದ್ದ ರವೀಶ್ ಮಲ್ಹೋತ್ರ ತರಬೇತಿ ಪಡೆದದ್ದು ಅದೇ ಕೇಂದ್ರದಲ್ಲಿ, ಅದೇ ಕಾಲದಲ್ಲಿ. ಗಗನಯಾನಕ್ಕೆ ಆಯ್ಕೆಯಾದ ಭಾರತೀಯ ವಾಯುಪಡೆಯ ನಾಲ್ವರೂ 2020–21ರಲ್ಲಿ ಅಲ್ಲಿಯೇ ಕಲಿತು ಬಂದರು. ವೈಜ್ಞಾನಿಕ ಕಾದಂಬರಿಕಾರ ಆರ್ಥರ್ ಕ್ಲಾರ್ಕ್ 1982ರ ತಮ್ಮ ಕಾದಂಬರಿಯೊಂದರ ನೌಕೆಗೆ ಲಿಯೊನೊವ್ ಹೆಸರಿಟ್ಟರು. ಚಂದ್ರನ ಹಿಂಬದಿಯ ಒಂದು ಕುಳಿಗೂ ಅವರ ಹೆಸರಿದೆ. ಕಾಲಿಡಲಾಗದ ಚಂದ್ರನ ಮೇಲೆ ಹೆಸರಾದರೂ ಉಳಿಯಿತು.

ಲಿಯೊನೊವ್ 2019ರ ಅಕ್ಟೋಬರ್ 11ರಂದು, 85ನೆಯ ವಯಸ್ಸಿನಲ್ಲಿ, ಮಾಸ್ಕೋದಲ್ಲಿ ತೀರಿಕೊಂಡರು. ಅಂದು ಅಂತರರಾಷ್ಟ್ರೀಯ ನಿಲ್ದಾಣದ ಹೊರಗೆ ಇಬ್ಬರು ಅಮೆರಿಕನ್ನರು ಹಳೆಯ ಬ್ಯಾಟರಿಗಳನ್ನು ಬದಲಿಸುತ್ತಿದ್ದರು. ನಾಲ್ಕು ದಿನದ ಮೇಲೆ ನಡೆದ ಅಂತ್ಯಕ್ರಿಯೆಗೆ 89 ವರ್ಷದ ಸ್ಟಾಫರ್ಡ್ ಅಮೆರಿಕದಿಂದ ಬಂದು ಗೆಳೆಯನನ್ನು ಕುರಿತು ರಷ್ಯನ್ ಭಾಷೆಯಲ್ಲಿ ಮಾತಾಡಿದರು. ಆ ಸ್ಟಾಫರ್ಡ್ ಕೂಡ 2024ರಲ್ಲಿ ತೀರಿಕೊಂಡರು. ಅಂದು ಮಾರ್ಚ್ 18.

ಮೊದಲಿಗನೆಂಬ ಪಟ್ಟ ಲಿಯೊನೊವ್‌ಗೆ ಸಿಕ್ಕಿದ್ದು ರಾಜಕಾರಣದ ಅವಸರದಿಂದ. ಅಮೆರಿಕದವರಿಗಿಂತ ಹನ್ನೊಂದು ವಾರ ಮೊದಲು ಹೋದರೆಂಬ ಲೆಕ್ಕ ಈಗ ಯಾರಿಗೂ ಮುಖ್ಯವಲ್ಲ. ಕವಾಟ ತಿರುಗಿಸಿದ ಆ ಗಳಿಗೆಯಲ್ಲಿ ದೇಶವಾಗಲಿ ಪಕ್ಷವಾಗಲಿ ಅವರ ನೆರವಿಗಿರಲಿಲ್ಲ. ತಾವು ಕಲಿತದ್ದರ ಮೇಲಿನ ನಂಬಿಕೆ ಒಂದೇ ಇತ್ತು. ಇಂದು ನೌಕೆಯಿಂದ ಹೊರಗೆ ಹೋಗುವವರು ಮೊದಲು ಆಮ್ಲಜನಕ ಉಸಿರಾಡಿ ಸಾರಜನಕ ಕಳೆದುಕೊಳ್ಳುತ್ತಾರೆ, ನೀರಿನಲ್ಲಿ ನೂರಾರು ಗಂಟೆ ಅಭ್ಯಾಸ ಮಾಡುತ್ತಾರೆ, ಬಗ್ಗುವ ಕೀಲುಗಳಿರುವ ಪೋಷಾಕು ತೊಡುತ್ತಾರೆ. ಮೊದಲು ಹೋದವರು ಒಬ್ಬೊಬ್ಬರೂ ಬೆವರು ಹರಿಸಿ ಕಲಿತದ್ದರಿಂದ ಬಂದ ಎಚ್ಚರಿಕೆಗಳು ಇವು. ಅದರಿಂದಲೇ ಆ ಕೆಲಸ ಇಂದು ಯಾರ ಗಮನಕ್ಕೂ ಬಾರದಷ್ಟು ಸಾಮಾನ್ಯವಾಗಿದೆ.